ವೃದ್ಧಾಪ್ಯದಲ್ಲಿ ಡಿ ಜೀವಸತ್ತ್ವ: ವಂಶಗುಣವೂ ಬಾಳುವೆಯ ಕ್ರಮವೂ

೧. ಪ್ರಶ್ನೆಯ ಸ್ವರೂಪ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಪೀಣ್ಯವನ್ನು ಹಿಂದಿಟ್ಟು ನೆಲಮಂಗಲವನ್ನು ಮುಟ್ಟುವುದಕ್ಕೆ ಮುಂಚೆ ಮಾದನಾಯಕನಹಳ್ಳಿಯು ಸಿಕ್ಕುವುದು. ಇದು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು ೧೩ ಡಿಗ್ರಿ ಅಕ್ಷಾಂಶದಲ್ಲಿಯೂ, ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿಯೂ ಇರುವ ಊರು. ರಾಗಿಯನ್ನೂ ಅವರೆಯನ್ನೂ ಬೆಳೆದು ಬಾಳಿದ ಈ ಸೀಮೆಯಲ್ಲಿ ಈಗ ಕಾರ್ಖಾನೆಗಳೂ ಉಗ್ರಾಣಗಳೂ ಬಾಡಿಗೆಯ ಮಹಡಿಮನೆಗಳೂ ಒತ್ತಾಗಿ ನಿಂತಿವೆ. ೨೦೨೪ನೆಯ ಇಸವಿಯ ನವೆಂಬರು ತಿಂಗಳಲ್ಲಿ ಮೆಟ್ರೋ ರೈಲು ನೆರೆಯ ಮಾದಾವರದವರೆಗೆ ಬಂದು ಸೇರಿತು. ಒಂದೇ ತಲೆಮಾರಿನ ಅವಧಿಯಲ್ಲಿ ಹೊಲದ ಬದುವು ಹೋಗಿ ಬೀದಿಯ ಗೋಡೆಯು ಬಂದಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇಂತಹ ಊರಿನಲ್ಲಿ ಬಿಸಿಲಿಗೆ ಬಡತನವಿಲ್ಲ. ಮನುಷ್ಯನ ಮೂಳೆಗೆ ಬೇಕಾದ ಡಿ ಜೀವಸತ್ತ್ವವಾದರೋ ಬಹುಮಟ್ಟಿಗೆ ಬಿಸಿಲಿನಿಂದಲೇ ಹುಟ್ಟತಕ್ಕದ್ದು. ಹೀಗಿರುವಾಗ ದಕ್ಷಿಣ ಭಾರತದ ಜನರ ರಕ್ತದಲ್ಲಿ ಈ ದ್ರವ್ಯವು ಸಾಲದಷ್ಟಿದೆಯೆಂದು ಪರೀಕ್ಷೆಗಳು ಮತ್ತೆ ಮತ್ತೆ ತೋರಿಸುವುದೇಕೆ? ವೃದ್ಧರಲ್ಲಿ ಈ ಕೊರತೆಗೆ ಹುಟ್ಟಿನಿಂದ ಬಂದ ಗುಣವು ಎಷ್ಟರಮಟ್ಟಿಗೆ ಕಾರಣ, ಬಾಳುವೆಯ ಕ್ರಮವು ಎಷ್ಟರಮಟ್ಟಿಗೆ ಕಾರಣ?

ಈ ಪ್ರಶ್ನೆಯು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. "ನಮ್ಮ ವಂಶದ ಮೂಳೆಯೇ ಹೀಗೆ" ಎಂದು ಎಲ್ಲವನ್ನೂ ಹುಟ್ಟಿನ ಮೇಲೆ ಹಾಕಿದವರು ಪರಿಹಾರವನ್ನು ಹುಡುಕುವುದಿಲ್ಲ. "ಅಜ್ಜಿ ಮನೆಯೊಳಗೇ ಕೂತು ಕೂತು ಹೀಗಾದರು" ಎಂದು ಎಲ್ಲವನ್ನೂ ನಡತೆಯ ಮೇಲೆ ಹಾಕಿದವರು ಮುದುಕರನ್ನು ವೃಥಾ ದೂಷಿಸುವರು. ಎರಡು ತಪ್ಪಿಗೂ ದಂಡವನ್ನು ತೆರುವುದು ವೃದ್ಧರ ಮೂಳೆಯೇ. ಬಚ್ಚಲಿನಲ್ಲಿ ಒಮ್ಮೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ವೃದ್ಧೆಯು ಮತ್ತೆ ಮೊದಲಿನಂತೆ ನಡೆದಾಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರು ಬಲ್ಲರು. ಆದುದರಿಂದ ವಂಶಗುಣದ ಪಾಲನ್ನೂ ಬಾಳುವೆಯ ಪಾಲನ್ನೂ ಬಿಡಿಸಿ ನೋಡುವುದು ಅವಶ್ಯಕವಾಗಿದೆ.

೨. ಪೂರ್ವಚರಿತ್ರೆ

ಈ ದ್ರವ್ಯದ ಜ್ಞಾನವು ರೋಗದ ಮೂಲಕ ಬಂದಿತು. ಮಕ್ಕಳ ಕಾಲಿನ ಮೂಳೆಗಳು ಮೆತುವಾಗಿ ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ರೋಗವನ್ನು ಕುರಿತು ಇಂಗ್ಲೆಂಡಿನ ವೈದ್ಯನಾದ ಫ್ರಾನ್ಸಿಸ್ ಗ್ಲಿಸನ್ ಎಂಬಾತನು ೧೬೫೦ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ೧೮೯೦ರಲ್ಲಿ ಥಿಯೋಬಾಲ್ಡ್ ಪಾಮ್ ಎಂಬ ವೈದ್ಯನು, ಹೊಗೆ ಕವಿದ ಇಂಗ್ಲೆಂಡಿನ ಪಟ್ಟಣಗಳಲ್ಲಿ ಹೇರಳವಾಗಿರುವ ಈ ರೋಗವು ಬಿಸಿಲಿನ ದೇಶಗಳಲ್ಲಿ ಅಪರೂಪವೆಂಬುದನ್ನು ಗಮನಿಸಿ, ಬಿಸಿಲಿನ ಅಭಾವವೇ ಇದರ ಮುಖ್ಯ ಕಾರಣವೆಂದು ವಾದಿಸಿದನು. ೧೯೧೯ರಲ್ಲಿ ಬರ್ಲಿನ್ ನಗರದ ಕುರ್ಟ್ ಹುಲ್ಡ್‌ಶಿನ್ಸ್ಕಿಯು ಪಾದರಸದ ದೀಪದ ಅತಿನೇರಳೆ ಕಿರಣಗಳನ್ನು ರೋಗಿಗಳಾದ ಮಕ್ಕಳ ಮೈಮೇಲೆ ಬಿಟ್ಟು ರೋಗವನ್ನು ವಾಸಿಮಾಡಿದನು. ಅದೇ ಕಾಲದಲ್ಲಿ ಎಡ್ವರ್ಡ್ ಮೆಲನ್‌ಬಿಯು ಕಾಡ್ ಮೀನಿನ ಯಕೃತ್ತಿನ ಎಣ್ಣೆಯು ನಾಯಿಮರಿಗಳ ರಿಕೆಟ್ಸನ್ನು ತಡೆಯುವುದೆಂದು ತೋರಿಸಿದನು. ೧೯೨೨ರಲ್ಲಿ ಅಮೆರಿಕದ ಮೆಕಾಲಮ್ ಎಂಬ ವಿಜ್ಞಾನಿಯು, ಎಣ್ಣೆಯಲ್ಲಿ ಈ ಕೆಲಸವನ್ನು ಮಾಡುವ ವಸ್ತುವು ಎ ಜೀವಸತ್ತ್ವಕ್ಕಿಂತ ಬೇರೆಯಾದುದೆಂದು ಸಾಧಿಸಿದನು. ಎ, ಬಿ, ಸಿ ಎಂಬ ಹೆಸರುಗಳು ಅದಾಗಲೇ ಬಳಕೆಯಲ್ಲಿದ್ದುದರಿಂದ ಇದಕ್ಕೆ ಡಿ ಎಂಬ ಅಕ್ಷರವು ಸಂದಿತು. ಈ ವರ್ಗದ ದ್ರವ್ಯಗಳ ರಚನೆಯನ್ನು ಶೋಧಿಸಿದುದಕ್ಕಾಗಿ ಅಡಾಲ್ಫ್ ವಿಂಡಾಸ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನಿಗೆ ೧೯೨೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಬಿಸಿಲಿನ ದೇಶಗಳಲ್ಲಿ ರೋಗವು ಅಪರೂಪವೆಂಬ ಪಾಮನ ಮಾತು ಸಾಮಾನ್ಯವಾಗಿ ನಿಜವಾದರೂ ಅದಕ್ಕೆ ಒಂದು ಅಪವಾದವು ಭಾರತದಲ್ಲಿಯೇ ಕಂಡುಬಂದಿತು. ಹಚಿಸನ್ ಮತ್ತು ಷಾ ಎಂಬ ವೈದ್ಯರು ನಾಸಿಕದ ಪ್ರಾಂತದಲ್ಲಿ ಪರೀಕ್ಷೆ ನಡೆಸಿ ೧೯೨೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗೋಷಾ ಪದ್ಧತಿಯನ್ನು ಅನುಸರಿಸುವ ಅನುಕೂಲಸ್ಥರ ಮನೆಗಳಲ್ಲಿ ಈ ರೋಗವುಂಟೆಂದೂ, ಕೂಳಿಗೆ ಕಷ್ಟಪಟ್ಟರೂ ಬಯಲಿನಲ್ಲಿ ದುಡಿಯುವ ಬಡವರಲ್ಲಿ ಅದು ಕಾಣುವುದಿಲ್ಲವೆಂದೂ ತಿಳಿಸಿದರು. ದೇಶದ ಮೇಲೆ ಸುರಿಯುವ ಬಿಸಿಲೇ ಬೇರೆ, ಮೈಮೇಲೆ ಬೀಳುವ ಬಿಸಿಲೇ ಬೇರೆ ಎಂಬ ತತ್ತ್ವವು ಆಗಲೇ ಸ್ಪಷ್ಟವಾಯಿತು.

೩. ದೇಹದಲ್ಲಿ ಇದರ ಉತ್ಪತ್ತಿ

ಚರ್ಮದಲ್ಲಿ ೭-ಡಿಹೈಡ್ರೋಕೊಲೆಸ್ಟೆರಾಲ್ ಎಂಬ ಒಂದು ಕೊಬ್ಬಿನಂತಹ ದ್ರವ್ಯವು ಸಹಜವಾಗಿ ಇರುವುದು. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಬಿ ಎಂಬ ಜಾತಿಯವು, ಎಂದರೆ ಸುಮಾರು ೨೯೦ರಿಂದ ೩೧೫ ನ್ಯಾನೋಮೀಟರ್ ತರಂಗದ ಉದ್ದವುಳ್ಳವು, ಇದರ ಮೇಲೆ ಬಿದ್ದಾಗ ಇದು ಪೂರ್ವಜೀವಸತ್ತ್ವವಾಗಿ ಮಾರ್ಪಡುವುದು. ಅನಂತರ ಮೈಯ ಶಾಖದಿಂದಲೇ ಅದು ಡಿ ಜೀವಸತ್ತ್ವವಾಗುವುದು. ಬಿಸಿಲಿನಲ್ಲಿ ಬಹಳ ಹೊತ್ತು ನಿಂತರೆ ಹೆಚ್ಚಾದ ಪೂರ್ವಜೀವಸತ್ತ್ವವು ನಿರುಪಯುಕ್ತವಾದ ಬೇರೆ ದ್ರವ್ಯಗಳಾಗಿ ಒಡೆದುಹೋಗುವುದರಿಂದ, ಬಿಸಿಲೊಂದರಿಂದಲೇ ಈ ಜೀವಸತ್ತ್ವವು ವಿಷವಾಗುವಷ್ಟು ಅತಿಯಾಗುವ ಭಯವಿಲ್ಲ.

ಚರ್ಮದಲ್ಲಿ ಹುಟ್ಟಿದ ಈ ವಸ್ತುವು ಇನ್ನೂ ಕೆಲಸಕ್ಕೆ ಬಾರದು. ರಕ್ತದಲ್ಲಿರುವ ಒಂದು ವಾಹಕ ಸಸಾರಜನಕವು ಇದನ್ನು ಹೊತ್ತು ಯಕೃತ್ತಿಗೆ ಒಯ್ಯುವುದು. ಯಕೃತ್ತಿನಲ್ಲಿ ಅದು ೨೫-ಹೈಡ್ರಾಕ್ಸಿ ಡಿ ಎಂಬ ರೂಪವನ್ನು ತಾಳುವುದು. ವೈದ್ಯರು ರಕ್ತಪರೀಕ್ಷೆಯಲ್ಲಿ ಅಳೆಯುವುದು ಈ ರೂಪವನ್ನೇ. ಕೊನೆಗೆ ಮೂತ್ರಪಿಂಡದಲ್ಲಿ ಇನ್ನೊಂದು ಸಂಸ್ಕಾರವನ್ನು ಹೊಂದಿ, ಕರುಳು ಆಹಾರದ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುವಂತೆ ಪ್ರೇರಿಸುವ ಕ್ರಿಯಾಶೀಲ ರೂಪವಾಗುವುದು. ಇದು ಸಾಲದಿದ್ದಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯತೊಡಗುವುದು. ಆಗ ಕೊರಳಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ಮೂಳೆಯಿಂದಲೇ ಕ್ಯಾಲ್ಸಿಯಮ್ಮನ್ನು ಕಿತ್ತು ರಕ್ತಕ್ಕೆ ಒದಗಿಸುವುವು. ಮನೆಯ ಖರ್ಚಿಗಾಗಿ ಮನೆಯ ತೊಲೆಯನ್ನೇ ಮಾರಿದಂತೆ ಈ ವ್ಯವಹಾರವು ನಡೆಯುವುದರಿಂದ, ಹೊರಗೆ ಏನೂ ತೋರದೆಯೇ ಮೂಳೆಯು ವರ್ಷಗಳ ಕಾಲ ಸವೆಯುತ್ತ ಹೋಗುವುದು.

೪. ನೆರಳಿನ ಲೆಕ್ಕ

ಬಿ ಜಾತಿಯ ಕಿರಣಗಳು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಿದಷ್ಟೂ ಕ್ಷೀಣಿಸುವುವು. ಸೂರ್ಯನು ದಿಗಂತದ ಸಮೀಪದಲ್ಲಿದ್ದಾಗ ಕಿರಣಗಳು ಓರೆಯಾಗಿ ಬಹು ದಪ್ಪನೆಯ ವಾಯುವನ್ನು ತೂರಿಬರಬೇಕಾಗಿ, ಬೆಳಕೂ ಬೆಚ್ಚಗೂ ಇದ್ದರೂ ಈ ಕಿರಣಗಳು ಬಹುಮಟ್ಟಿಗೆ ಇಲ್ಲದಂತಾಗುವುವು. ಇದನ್ನು ಅಳೆಯಲು ಯಂತ್ರವು ಬೇಕಿಲ್ಲ. ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ, ಎಂದರೆ ಸೂರ್ಯನು ದಿಗಂತದಿಂದ ೪೫ ಡಿಗ್ರಿಗಿಂತ ಮೇಲಿದ್ದರೆ, ಜೀವಸತ್ತ್ವವು ಚೆನ್ನಾಗಿ ಹುಟ್ಟುವುದೆಂದು ಸ್ಥೂಲವಾಗಿ ತಿಳಿಯಬಹುದು. ನೆರಳು ಎತ್ತರಕ್ಕಿಂತ ಉದ್ದವಾಗಿದ್ದರೆ ಉತ್ಪತ್ತಿಯು ಅಲ್ಪ.

ಮಾದನಾಯಕನಹಳ್ಳಿಯ ಅಕ್ಷಾಂಶಕ್ಕೆ ಈ ಲೆಕ್ಕವನ್ನು ಹಾಕಿದರೆ ಫಲವು ಆಶ್ಚರ್ಯಕರವಾಗಿದೆ. ಬೆಂಗಳೂರಿನ ಸೀಮೆಯಲ್ಲಿ ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ನೆತ್ತಿಗೇ ಬರುವನು. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಗಲು ಅತ್ಯಂತ ಗಿಡ್ಡವಾದ ಡಿಸೆಂಬರಿನ ದಿನದಲ್ಲಿ ಕೂಡ ನಡುಹಗಲಿನ ಸೂರ್ಯನು ಸುಮಾರು ೫೩ ಡಿಗ್ರಿ ಎತ್ತರದಲ್ಲಿರುವನು. ನೆರಳು ಆಳಿನ ಎತ್ತರದ ಮುಕ್ಕಾಲು ಪಾಲನ್ನು ಮೀರುವುದಿಲ್ಲ. ಅದೇ ದಿನ ಲಂಡನ್ನಿನಲ್ಲಿ ನಡುಹಗಲಿನ ಸೂರ್ಯನ ಎತ್ತರವು ಸುಮಾರು ೧೫ ಡಿಗ್ರಿ ಮಾತ್ರ. ನೆರಳು ಆಳಿನ ಮೂರೂವರೆ ಪಾಲಿಗಿಂತಲೂ ಉದ್ದ. ಆಂಗ್ಲರ ದೇಶದಲ್ಲಿ ಚಳಿಗಾಲದ ತಿಂಗಳುಗಳು ಈ ಜೀವಸತ್ತ್ವಕ್ಕೆ ಬರಗಾಲವಾದರೆ, ಇಲ್ಲಿ ಮೋಡ ಕವಿದ ಮಳೆಗಾಲದ ದಿನಗಳನ್ನು ಬಿಟ್ಟರೆ ವರ್ಷವಿಡೀ ಸುಗ್ಗಿಯೇ ಸರಿ.

ಆದರೆ ಈ ಸುಗ್ಗಿಯು ದಿನದ ನಡುವಿನ ಕೆಲವು ಗಂಟೆಗಳಿಗೆ ಮಾತ್ರ ಸೇರಿದುದು. ಮಾದನಾಯಕನಹಳ್ಳಿಯಷ್ಟೇ ಅಕ್ಷಾಂಶದಲ್ಲಿರುವ ತಿರುಪತಿಯಲ್ಲಿ ಸಿ. ವಿ. ಹರಿನಾರಾಯಣ ಮತ್ತು ಅವರ ಸಹೋದ್ಯೋಗಿಗಳು ಮೂಲದ್ರವ್ಯವನ್ನು ಗಾಜಿನ ಕುಪ್ಪಿಗಳಲ್ಲಿ ಬಿಸಿಲಿಗಿಟ್ಟು ಪರೀಕ್ಷಿಸಿ, ಬೆಳಗಿನ ೧೧ರಿಂದ ಮಧ್ಯಾಹ್ನ ೨ ಗಂಟೆಯ ಒಳಗೆ ಪರಿವರ್ತನೆಯು ಅತ್ಯಧಿಕವೆಂದು ೨೦೧೩ರಲ್ಲಿ ಪ್ರಕಟಿಸಿದರು. ಎಳೆಬಿಸಿಲು ಮೈಗೆ ಹಿತವೆಂದು ಹಿರಿಯರು ಮುಂಜಾನೆ ಜಗಲಿಯ ಮೇಲೆ ಕುಳಿತು ಬಿಸಿಲು ಕಾಯಿಸಿಕೊಳ್ಳುವರು. ಚಳಿಯನ್ನು ಕಳೆಯುವುದಕ್ಕೂ ಮನಸ್ಸಿನ ಉಲ್ಲಾಸಕ್ಕೂ ಅದು ಒಳ್ಳೆಯದೇ. ಆದರೆ ಉದ್ದ ನೆರಳಿನ ಆ ಹೊತ್ತು ಮೂಳೆಗೆ ಹೆಚ್ಚಿನ ಸಹಾಯವನ್ನು ಮಾಡದು. ಕಿಟಕಿಯ ಗಾಜಿನ ಹಿಂದೆ ಕುಳಿತು ಪಡೆದ ಬಿಸಿಲೂ ಹಾಗೆಯೇ. ಸಾಮಾನ್ಯವಾದ ಗಾಜು ಬೆಳಕನ್ನು ಬಿಟ್ಟು ಈ ಕಿರಣಗಳನ್ನು ತಡೆಯುವುದು.

೫. ಮುಪ್ಪಿನ ಪಾಲು

ವಂಶವನ್ನೂ ಬಾಳುವೆಯನ್ನೂ ವಿಚಾರಿಸುವ ಮುನ್ನ ಮುಪ್ಪಿನದೇ ಆದ ಪಾಲನ್ನು ಬೇರೆಯಾಗಿ ಎಣಿಸಬೇಕು. ಮ್ಯಾಕ್‌ಲಾಫ್ಲಿನ್ ಮತ್ತು ಹಾಲಿಕ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೮೫ರಲ್ಲಿ ಎಳೆಯರ ಚರ್ಮವನ್ನೂ ಎಂಬತ್ತರ ಆಸುಪಾಸಿನ ವೃದ್ಧರ ಚರ್ಮವನ್ನೂ ಹೋಲಿಸಿ, ವೃದ್ಧರ ಚರ್ಮದಲ್ಲಿ ಮೂಲದ್ರವ್ಯವು ಕುಗ್ಗಿರುವುದರಿಂದ ಅದೇ ಕಿರಣಕ್ಕೆ ಹುಟ್ಟುವ ಜೀವಸತ್ತ್ವವು ಅರ್ಧಕ್ಕಿಂತಲೂ ಕಡಮೆಯೆಂದು ತೋರಿಸಿದರು. ವಯಸ್ಸಾದಂತೆ ಮೂತ್ರಪಿಂಡದ ಶಕ್ತಿಯೂ ಇಳಿಯುವುದರಿಂದ ಕಡೆಯ ಸಂಸ್ಕಾರವೂ ಸೊರಗುವುದು. ಕೊಬ್ಬು ಹೆಚ್ಚಿದ ದೇಹದಲ್ಲಿ ಈ ಜೀವಸತ್ತ್ವವು ಕೊಬ್ಬಿನಲ್ಲಿಯೇ ಅಡಗಿ ರಕ್ತದಲ್ಲಿ ಕಡಮೆಯಾಗಿ ಕಾಣುವುದು. ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು ಇದನ್ನು ಬೇಗ ಕರಗಿಸಿಬಿಡುವುವು.

ಆದುದರಿಂದ ಎಂಬತ್ತು ವರ್ಷದ ಅಜ್ಜಿಯೂ ಇಪ್ಪತ್ತು ವರ್ಷದ ಮೊಮ್ಮಗಳೂ ಒಂದೇ ಅಂಗಳದಲ್ಲಿ ಒಂದೇ ಹೊತ್ತು ಕುಳಿತರೂ ಅಜ್ಜಿಗೆ ಸಲ್ಲುವ ಪಾಲು ಕಡಮೆ. ಇದು ಯಾರ ವಂಶದ ದೋಷವೂ ಅಲ್ಲ, ಯಾರ ನಡತೆಯ ದೋಷವೂ ಅಲ್ಲ.

೬. ವಂಶಗುಣದ ಪಾಲು

ಮೇಲೆ ಹೇಳಿದ ಒಂದೊಂದು ಹಂತಕ್ಕೂ ಒಂದೊಂದು ವಂಶವಾಹಿಯು ಕಾವಲಾಗಿರುವುದು. ಚರ್ಮದ ಮೂಲದ್ರವ್ಯವನ್ನು ಕೊಲೆಸ್ಟೆರಾಲಾಗಿ ತಿರುಗಿಸಿ ಅದರ ಸಂಗ್ರಹವನ್ನು ಇಳಿಸುವ ವಂಶವಾಹಿಗೆ ಡಿಎಚ್‌ಸಿಆರ್ ೭ ಎಂದೂ, ರಕ್ತದಲ್ಲಿ ಹೊತ್ತು ಸಾಗಿಸುವ ಸಸಾರಜನಕವನ್ನು ನಿರ್ಮಿಸುವುದಕ್ಕೆ ಜಿಸಿ ಎಂದೂ, ಯಕೃತ್ತಿನ ಸಂಸ್ಕಾರವನ್ನು ನಡೆಸುವುದಕ್ಕೆ ಸಿವೈಪಿ ೨ಆರ್ ೧ ಎಂದೂ, ಕೆಲಸ ಮುಗಿದ ಜೀವಸತ್ತ್ವವನ್ನು ನಾಶಮಾಡುವುದಕ್ಕೆ ಸಿವೈಪಿ ೨೪ಎ ೧ ಎಂದೂ ಹೆಸರು. ಇವುಗಳಲ್ಲಿ ಮನುಷ್ಯರಿಂದ ಮನುಷ್ಯರಿಗೆ ಅಕ್ಷರವ್ಯತ್ಯಾಸದಷ್ಟು ಅಲ್ಪವಾದ ಭೇದಗಳುಂಟು. ಒಂದೇ ಗ್ರಂಥದ ಬೇರೆ ಬೇರೆ ಓಲೆಪ್ರತಿಗಳಲ್ಲಿ ಪಾಠಾಂತರಗಳಿರುವಂತೆ ಇವನ್ನು ಭಾವಿಸಬಹುದು. ಬಹು ಪಾಠಾಂತರಗಳಿಂದ ಅರ್ಥವು ಕೆಡುವುದಿಲ್ಲ. ಕೆಲವುಗಳಿಂದ ಸ್ವಲ್ಪ ಮಾರ್ಪಡುವುದು.

೨೦೧೦ರಲ್ಲಿ ಯುರೋಪಿನ ಮೂಲದ ಸುಮಾರು ೩೪,೦೦೦ ಜನರನ್ನು ಪರೀಕ್ಷಿಸಿದ ವಿದ್ವಾಂಸರ ಒಂದು ಕೂಟವು ಈ ಮಟ್ಟದ ಮೇಲೆ ಪ್ರಭಾವವುಳ್ಳ ಮೂರು ಸ್ಥಾನಗಳನ್ನು ನಿಶ್ಚಯಿಸಿತು. ಅವು ಮೇಲೆ ಹೇಳಿದ ಮೊದಲ ಮೂರೇ ಆಗಿದ್ದುವು. ಪ್ರತಿಕೂಲವಾದ ಪಾಠಗಳೆಲ್ಲ ಒಬ್ಬರಲ್ಲೇ ಕೂಡಿದ್ದರೆ ಕೊರತೆಯ ಸಂಭವವು ಸುಮಾರು ಎರಡು ಪಾಲಿಗೂ ಮೀರಿ ಹೆಚ್ಚುವುದೆಂದು ಕಂಡುಬಂದಿತು. ೨೦೨೦ರಲ್ಲಿ ಬ್ರಿಟನ್ನಿನ ಸುಮಾರು ೪,೧೭,೦೦೦ ಜನರ ಪರೀಕ್ಷೆಯಿಂದ ಇಂತಹ ಸ್ಥಾನಗಳ ಸಂಖ್ಯೆಯು ೧೪೩ಕ್ಕೆ ಏರಿತು. ಆದರೂ ಸಾಮಾನ್ಯವಾದ ಪಾಠಾಂತರಗಳನ್ನೆಲ್ಲ ಸೇರಿಸಿದಾಗ, ಜನರೊಳಗೆ ಕಾಣುವ ಒಟ್ಟು ವ್ಯತ್ಯಾಸದಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು ಹದಿಮೂರು ಮಾತ್ರ.

ಚರ್ಮದ ಬಣ್ಣವೂ ವಂಶದಿಂದ ಬರುವ ಗುಣವೇ. ಮೆಲನಿನ್ ಎಂಬ ವರ್ಣದ್ರವ್ಯವು ಕಿರಣಗಳನ್ನು ತಾನೇ ನುಂಗಿ ಒಳಗಿನ ಚರ್ಮವನ್ನು ರಕ್ಷಿಸುವುದರಿಂದ ಕಪ್ಪು ಮೈಯವರಿಗೆ ಅಷ್ಟೇ ಜೀವಸತ್ತ್ವವನ್ನು ಪಡೆಯಲು ಹೆಚ್ಚು ಹೊತ್ತು ಬಿಸಿಲು ಬೇಕಾಗುವುದು. ಹೈದರಾಬಾದಿನ ವಿಜ್ಞಾನಿಗಳು ಪಾಲ್ಗೊಂಡು ೨೦೧೩ರಲ್ಲಿ ಪ್ರಕಟವಾದ ಒಂದು ಶೋಧದ ಪ್ರಕಾರ, ಬಣ್ಣವನ್ನು ತಿಳಿಯಾಗಿಸುವ ಎಸ್‌ಎಲ್‌ಸಿ ೨೪ಎ ೫ ಎಂಬ ವಂಶವಾಹಿಯ ಪಾಠವು ಭಾರತದ ಬೇರೆ ಬೇರೆ ಜನಸಮುದಾಯಗಳಲ್ಲಿ ಬಹಳ ಹೆಚ್ಚುಕಡಮೆಯಾದ ಪ್ರಮಾಣದಲ್ಲಿ ಹರಡಿದೆ. ಕಪ್ಪು ಬಣ್ಣವು ಬಯಲಿನಲ್ಲಿ ದುಡಿಯುವವನಿಗೆ ಕವಚ. ಕೊಠಡಿಯೊಳಗೆ ಇರುವವನಿಗೆ ಅದೇ ಒಂದು ತೆರೆ. ಗುಣವೊಂದೇ, ಬಾಳುವೆಯಿಂದ ಅದು ಲಾಭವೋ ನಷ್ಟವೋ ಆಗುವುದು.

ಕರ್ನಾಟಕದ ಮಟ್ಟಿಗೆ ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಪದ್ಧತಿಯು ಈ ನಾಡಿನಲ್ಲಿ ಹಳೆಯದು. ರಾಧಾ ರಮಾ ದೇವಿ, ಅಪ್ಪಾಜಿ ರಾವ್, ಬಿಟಲ್ಸ್ ಎಂಬ ವಿಜ್ಞಾನಿಗಳು ೧೯೮೭ರಲ್ಲಿ ಪ್ರಕಟಿಸಿದ ಕರ್ನಾಟಕದ ಪರೀಕ್ಷೆಯಲ್ಲಿ ಸುಮಾರು ಮೂರರಲ್ಲೊಂದು ವಿವಾಹವು ರಕ್ತಸಂಬಂಧದೊಳಗಿನದಾಗಿದ್ದಿತು. ತಂದೆತಾಯಿಗಳಿಬ್ಬರಿಂದಲೂ ಒಂದೇ ದೋಷಪಾಠವು ಬಂದಾಗ ಮಾತ್ರ ಕಾಣಿಸುವ ರೋಗಗಳಿಗೆ ಇಂತಹ ವಿವಾಹಗಳಲ್ಲಿ ಅವಕಾಶವು ಹೆಚ್ಚು. ಯಕೃತ್ತಿನ ಅಥವಾ ಮೂತ್ರಪಿಂಡದ ಸಂಸ್ಕಾರವು ಹುಟ್ಟಿನಿಂದಲೇ ನಡೆಯದಿರುವ ರಿಕೆಟ್ಸಿನ ಕೆಲವು ಅಪರೂಪದ ಪ್ರಭೇದಗಳು ಈ ವರ್ಗಕ್ಕೆ ಸೇರಿದವು. ಆದರೆ ಅವು ಎಳೆತನದಲ್ಲಿಯೇ ತೋರಿಬರುವುವು. ಎಪ್ಪತ್ತನ್ನು ದಾಟಿದವರ ಸಾಮಾನ್ಯ ಕೊರತೆಗೆ ಅವುಗಳನ್ನು ಕಾರಣವೆಂದು ಎಣಿಸುವುದು ಸರಿಯಲ್ಲ.

೭. ಮಳೆಗಿಟ್ಟ ಪಾತ್ರೆಗಳು

ವಂಶದ ಪಾಲನ್ನು ಅಳೆಯುವ ಇನ್ನೊಂದು ದಾರಿ ಅವಳಿಗಳ ಪರೀಕ್ಷೆ. ಇದರಲ್ಲಿ ಒಂದು ಚೋದ್ಯವು ಕಂಡುಬಂದಿದೆ. ೨೦೦೯ರಲ್ಲಿ ಪ್ರಕಟವಾದ ಸ್ವೀಡನ್ನಿನ ಅವಳಿಗಳ ಪರೀಕ್ಷೆಯಲ್ಲಿ ವಂಶದ ಪ್ರಭಾವವು ಬೇಸಗೆಯಲ್ಲಿ ಅರ್ಧದಷ್ಟಿದ್ದು ಚಳಿಗಾಲದಲ್ಲಿ ಕಾಣಿಸಲಿಲ್ಲ. ಮರುವರ್ಷ ಪ್ರಕಟವಾದ ಅಮೆರಿಕದ ಅವಳಿಗಳ ಪರೀಕ್ಷೆಯಲ್ಲಿ ಚಳಿಗಾಲದಲ್ಲಿ ನೂರಕ್ಕೆ ಎಪ್ಪತ್ತರಷ್ಟಿದ್ದು ಬೇಸಗೆಯಲ್ಲಿ ಇಲ್ಲವಾಯಿತು. ಎರಡೂ ಪರೀಕ್ಷೆಗಳು ಶ್ರದ್ಧೆಯಿಂದ ನಡೆದವುಗಳೇ. ಹೀಗಿದ್ದೂ ಫಲವು ಇದಿರುಬದಿರಾದುದು ಹೇಗೆ?

ಮಳೆಯ ನೀರನ್ನು ಹಿಡಿಯಲು ಅಂಗಳದಲ್ಲಿಟ್ಟ ಪಾತ್ರೆಗಳನ್ನು ಊಹಿಸಿಕೊಂಡರೆ ಈ ತೊಡಕು ಬಿಡುವುದು. ಕೆಲವು ಪಾತ್ರೆಗಳ ಬಾಯಿ ಅಗಲ, ಕೆಲವುಗಳದು ಕಿರಿದು. ಬಾಯಿಯ ಅಗಲವು ವಂಶಗುಣ, ಮಳೆಯು ಬಿಸಿಲು. ಪಾತ್ರೆಗಳೆಲ್ಲ ಬಯಲಿನಲ್ಲಿಯೇ ಇದ್ದರೆ ನೀರಿನ ಹೆಚ್ಚುಕಡಮೆಯು ಬಾಯಿಯ ಅಗಲದಿಂದ ಆಗುವುದು. ಆಗ ವಂಶವೇ ಎಲ್ಲವೆಂದು ತೋರುವುದು. ಕೆಲವು ಪಾತ್ರೆಗಳು ಬಯಲಿನಲ್ಲಿ, ಕೆಲವು ಸೂರಿನ ಕೆಳಗೆ ಇದ್ದರೆ ಹೆಚ್ಚುಕಡಮೆಯು ಬಹುಮಟ್ಟಿಗೆ ಇಟ್ಟ ಸ್ಥಳದಿಂದ ಆಗುವುದು. ಆಗ ಬಾಳುವೆಯೇ ಎಲ್ಲವೆಂದು ತೋರುವುದು. ಆದುದರಿಂದ ವಂಶದ ಪಾಲು ನೂರಕ್ಕೆ ಇಷ್ಟು ಎಂಬ ಸಂಖ್ಯೆಯು ಚಿನ್ನದ ತೂಕದಂತೆ ಎಲ್ಲೆಲ್ಲಿಯೂ ಒಂದೇ ಆಗಿರತಕ್ಕದ್ದಲ್ಲ. ಯಾವ ಜನರನ್ನು, ಯಾವ ಋತುವಿನಲ್ಲಿ, ಯಾವ ಬಾಳುವೆಯಲ್ಲಿ ಅಳೆದರೆಂಬುದನ್ನು ಅದು ಅವಲಂಬಿಸಿದೆ.

ಇನ್ನೂ ಮುಖ್ಯವಾದ ಒಂದು ವಿಷಯವು ಇದರಿಂದ ಹೊರಡುವುದು. ಎಲ್ಲ ಪಾತ್ರೆಗಳನ್ನೂ ಸೂರಿನ ಕೆಳಗೆ ಎಳೆದಿಟ್ಟರೆ ಎರಚಲಿನ ಹನಿಗಳು ಅಗಲ ಬಾಯಿಯದಕ್ಕೆ ಸ್ವಲ್ಪ ಹೆಚ್ಚಾಗಿಯೂ ಕಿರಿದಾದುದಕ್ಕೆ ಕಡಮೆಯಾಗಿಯೂ ಬೀಳುವುವು. ಅವುಗಳೊಳಗಿನ ವ್ಯತ್ಯಾಸಕ್ಕೆ ಬಾಯಿಯೇ ಕಾರಣ. ಆದರೆ ಎಲ್ಲವೂ ಬರಿದಾಗಿರುವುದಕ್ಕೆ ಸೂರು ಕಾರಣ. ವ್ಯತ್ಯಾಸದ ಕಾರಣವೇ ಬೇರೆ, ಮಟ್ಟದ ಕಾರಣವೇ ಬೇರೆ. ಈ ಎರಡನ್ನೂ ಒಂದೆಂದು ಭಾವಿಸುವುದೇ ವಂಶವಾದದಲ್ಲಿ ಸಾಮಾನ್ಯರೂ ಕೆಲವೊಮ್ಮೆ ವಿದ್ವಾಂಸರೂ ಮಾಡುವ ಪ್ರಮಾದ.

೮. ಅಕ್ಕತಂಗಿಯರೂ ಓರಗಿತ್ತಿಯರೂ

ಕನ್ನಡನಾಡಿನ ಕುಟುಂಬದ ರಚನೆಯೇ ಈ ತತ್ತ್ವಕ್ಕೆ ಒಂದು ಒಳ್ಳೆಯ ನಿದರ್ಶನವನ್ನು ಒದಗಿಸುವುದು. ಒಬ್ಬ ತಾಯಿಯ ಇಬ್ಬರು ಹೆಣ್ಣುಮಕ್ಕಳನ್ನು ಕಲ್ಪಿಸಿಕೊಳ್ಳಬಹುದು. ಅಕ್ಕನನ್ನು ಮಾದನಾಯಕನಹಳ್ಳಿಗೆ ಕೊಟ್ಟಿತು. ತಂಗಿಯನ್ನು ಮಾಗಡಿಯ ಕಡೆಯ ಒಂದು ಹಳ್ಳಿಗೆ ಕೊಟ್ಟಿತು. ಇಬ್ಬರಿಗೂ ಈಗ ಎಪ್ಪತ್ತು ದಾಟಿದೆ. ತಂಗಿಯು ಇಂದಿಗೂ ಹಟ್ಟಿಯ ಮುಂದೆ ಅವರೆಕಾಯಿ ಬಿಡಿಸುತ್ತ, ಮೇಕೆಗೆ ಸೊಪ್ಪು ತರುತ್ತ, ಕಣದಲ್ಲಿ ರಾಗಿಯನ್ನು ಹರವುತ್ತ ನಡುಹಗಲನ್ನು ಬಯಲಿನಲ್ಲಿ ಕಳೆಯುವಳು. ಅಕ್ಕನ ಹೊಲವಾದರೋ ನಿವೇಶನವಾಗಿ ಹಂಚಿಹೋಯಿತು. ಮಗನೂ ಸೊಸೆಯೂ ಕಾರ್ಖಾನೆಯ ಪಾಳಿಗೆ ಹೋದ ಮೇಲೆ ಆಕೆಯು ಎರಡನೆಯ ಮಹಡಿಯಲ್ಲಿ ಮೊಮ್ಮಗುವನ್ನು ನೋಡಿಕೊಂಡಿರುವಳು. ಮೆಟ್ಟಿಲನ್ನು ಇಳಿಯಲು ಮೊಣಕಾಲು ಒಪ್ಪದು. ಇಳಿದರೂ ಕೂರಲು ಜಗಲಿಯಿಲ್ಲ. ಬೀದಿಯಲ್ಲಿ ಲಾರಿಗಳ ಭಯ. ಒಂದೇ ಒಡಲಿನ ಇವರಿಬ್ಬರ ರಕ್ತದ ಮಟ್ಟವು ಬೇರೆಯಾದರೆ ಅದಕ್ಕೆ ಬಾಳುವೆಯೇ ಮುಖ್ಯ ಕಾರಣವೆನ್ನಬೇಕು.

ಅಕ್ಕನ ಮನೆಯಲ್ಲಿಯೇ ಆಕೆಯ ಓರಗಿತ್ತಿಯೂ ಇರುವಳೆಂದು ಭಾವಿಸಬಹುದು. ಒಂದೇ ಅಡಿಗೆ, ಒಂದೇ ಮಹಡಿ, ಒಂದೇ ಕಿಟಕಿ. ಆದರೆ ಇಬ್ಬರೂ ಬೇರೆ ಬೇರೆ ತೌರಿನಿಂದ ಬಂದವರು. ಇವರಲ್ಲಿ ಒಬ್ಬಳಿಗೆ ಮಟ್ಟವು ಸ್ವಲ್ಪ ಮೇಲೂ ಇನ್ನೊಬ್ಬಳಿಗೆ ಸ್ವಲ್ಪ ಕೆಳಗೂ ಇದ್ದರೆ ಅದರಲ್ಲಿ ವಂಶಗುಣದ ಕೈವಾಡವಿರುವುದು ಸಂಭವ. ಆದರೆ ಇಬ್ಬರ ಮಟ್ಟವೂ ತಂಗಿಯದಕ್ಕಿಂತ ಕೆಳಗಿರುವುದಾದರೆ, ಅದನ್ನು ತೌರಿನ ಮೇಲೆ ಹಾಕುವಂತಿಲ್ಲ.

ಈ ಚಿತ್ರವು ಕಲ್ಪಿತವಾದರೂ ಅದರ ಆಧಾರವು ಕಲ್ಪಿತವಲ್ಲ. ತಿರುಪತಿಯ ಪಟ್ಟಣದವರನ್ನೂ ಸುತ್ತಲಿನ ಹಳ್ಳಿಗಳವರನ್ನೂ ಹೋಲಿಸಿ ಹರಿನಾರಾಯಣ ಮತ್ತಿತರರು ೨೦೦೭ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬಯಲಿನಲ್ಲಿ ದುಡಿಯುವ ಹಳ್ಳಿಯವರ ಮಟ್ಟವು ಪಟ್ಟಣದವರದಕ್ಕಿಂತ ಮೇಲಿದ್ದಿತು; ಎರಡು ಕಡೆಯೂ ಹೆಂಗಸರ ಮಟ್ಟವು ಗಂಡಸರದಕ್ಕಿಂತ ಕೆಳಗಿದ್ದಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಗರ್ಭಿಣಿಯರನ್ನು ಕುರಿತು ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ಮಟ್ಟವು ಮಿಲಿಲೀಟರಿಗೆ ೨೦ ನ್ಯಾನೋಗ್ರಾಮಿಗಿಂತ ಕೆಳಗಿದ್ದಿತು. ಪ್ರಾಯದ ಹೆಂಗಸರಲ್ಲಿಯೇ ಹೀಗಾದರೆ, ಚರ್ಮದ ಶಕ್ತಿಯು ಅರ್ಧಕ್ಕೆ ಇಳಿದ ಮುದುಕಿಯರ ವಿಷಯವನ್ನು ಹೇಳಬೇಕಾದುದಿಲ್ಲ.

೯. ಆಹಾರದ ವಿಚಾರ

ರಾಗಿಯನ್ನುಂಡವನ ಮೂಳೆ ಗಟ್ಟಿಯೆಂಬ ನಂಬಿಕೆಯು ಈ ಸೀಮೆಯಲ್ಲಿ ಬಲವಾಗಿದೆ. ಇದರಲ್ಲಿ ಸತ್ಯಾಂಶವುಂಟು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಅಕ್ಕಿ ಗೋದಿಗಳಿಗಿಂತ ಇದು ಎಷ್ಟೋ ಪಾಲು ಹೆಚ್ಚು. ಆದರೆ ರಾಗಿಯಲ್ಲಿ ಡಿ ಜೀವಸತ್ತ್ವವಿಲ್ಲ. ಮುದ್ದೆಯು ಕಲ್ಲುಸುಣ್ಣವನ್ನು ಒದಗಿಸಿದರೂ ಅದನ್ನು ಒಳಕ್ಕೆ ಸೇರಿಸುವ ಕೆಲಸಗಾರನು ಬಿಸಿಲಿನಿಂದಲೇ ಬರಬೇಕು. ಇದಲ್ಲದೆ ಧಾನ್ಯಗಳಲ್ಲಿರುವ ಫೈಟಿಕ್ ಆಮ್ಲವು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಿ ಕರುಳಿಗೆ ಸಿಕ್ಕದಂತೆ ಮಾಡುವುದು. ರಾಗಿಯನ್ನು ನೆನೆಯಿಸಿ ಮೊಳಕೆ ಕಟ್ಟಿ ಬಳಸುವ ಹಳೆಯ ಪದ್ಧತಿಯಿಂದ ಈ ಆಮ್ಲವು ಬಹುಮಟ್ಟಿಗೆ ಇಳಿಯುವುದು.

ಈ ಜೀವಸತ್ತ್ವವುಳ್ಳ ಸಹಜವಾದ ಆಹಾರಗಳು ಕೆಲವೇ: ಕೊಬ್ಬುಳ್ಳ ಸಮುದ್ರದ ಮೀನು, ಮೊಟ್ಟೆಯ ಹಳದಿ, ಪ್ರಾಣಿಗಳ ಯಕೃತ್ತು, ಬಿಸಿಲು ತಾಗಿದ ಅಣಬೆ. ಸಸ್ಯಾಹಾರಿಗಳ ಮನೆಯಲ್ಲಿ ಇವುಗಳಿಂದ ಒದಗುವುದು ಇಲ್ಲವೆಂದೇ ಹೇಳಬೇಕು. ಹಾಲಿಗೂ ಅಡಿಗೆಯ ಎಣ್ಣೆಗೂ ಎ ಮತ್ತು ಡಿ ಜೀವಸತ್ತ್ವಗಳನ್ನು ಬೆರಸಿ ಮಾರುವುದಕ್ಕೆ ೨೦೧೮ರ ನಿಯಮಾವಳಿಯು ಮಾನಗಳನ್ನು ಗೊತ್ತುಮಾಡಿತು. ಹೊರಕ್ಕೆ ಬರಲಾರದ ವೃದ್ಧರಿಗೆ ಇಂತಹ ಹಾಲು ಅಲ್ಪವಾದರೂ ಸುಲಭವಾದ ಸಹಾಯ.

೧೦. ಮಾತ್ರೆಯ ಮಿತಿ

ಮಾತ್ರೆಯನ್ನು ನುಂಗಿದರೆ ಎಲ್ಲವೂ ಪರಿಹಾರವಾಗುವುದೆಂಬ ಭಾವನೆಯು ಈಚೆಗೆ ಹರಡಿದೆ. ಅಮೆರಿಕದ ವೈದ್ಯಶಾಸ್ತ್ರ ಸಂಸ್ಥೆಯು ೨೦೧೧ರಲ್ಲಿ, ಮಿಲಿಲೀಟರಿಗೆ ೨೦ ನ್ಯಾನೋಗ್ರಾಮಿನ ಮಟ್ಟವು ಬಹುತೇಕ ಎಲ್ಲರ ಮೂಳೆಗೂ ಸಾಕೆಂದೂ, ಎಪ್ಪತ್ತು ವರ್ಷದವರೆಗೆ ದಿನಕ್ಕೆ ೬೦೦, ಮೇಲ್ಪಟ್ಟವರಿಗೆ ೮೦೦ ಅಂತರರಾಷ್ಟ್ರೀಯ ಮಾನಗಳು ತಕ್ಕವೆಂದೂ ನಿರ್ಣಯಿಸಿತು. 

ಪ್ರಯೋಗಗಳ ಸಾಕ್ಷ್ಯವು ಹೀಗಿದೆ. ೧೯೯೨ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳ ೩,೨೭೦ ವೃದ್ಧೆಯರ ಪರೀಕ್ಷೆಯಲ್ಲಿ ದಿನಕ್ಕೆ ೮೦೦ ಮಾನ ಡಿ ಜೀವಸತ್ತ್ವವನ್ನೂ ಜೊತೆಗೆ ಕ್ಯಾಲ್ಸಿಯಮ್ಮನ್ನೂ ಪಡೆದವರಲ್ಲಿ ತೊಡೆಯ ಮೂಳೆ ಮುರಿಯುವುದು ಗಣನೀಯವಾಗಿ ತಗ್ಗಿತು. ಅಮೆರಿಕದಲ್ಲಿ ೨೫,೮೭೧ ಜನರ ಮೇಲೆ ನಡೆದು ೨೦೨೨ರಲ್ಲಿ ಮೂಳೆಯ ಫಲವು ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ದಿನಕ್ಕೆ ೨,೦೦೦ ಮಾನ ಕೊಟ್ಟರೂ ಮೂಳೆ ಮುರಿತವು ತಗ್ಗಲಿಲ್ಲ. ಮೊದಲನೆಯವರು ಬಿಸಿಲು ಕಾಣದ, ಕೊರತೆಯುಳ್ಳ ಮುದುಕಿಯರು. ಎರಡನೆಯವರು ಕೊರತೆಯನ್ನು ನೋಡಿ ಆರಿಸಿಕೊಂಡವರಲ್ಲ. ಬರಿದಾದ ಪಾತ್ರೆಗೆ ನೀರು ಬೇಕು. ತುಂಬಿದುದಕ್ಕೆ ಸುರಿದರೆ ಹೊರಚೆಲ್ಲುವುದು. ಕೆಲವೊಮ್ಮೆ ಹೊರಚೆಲ್ಲುವುದಷ್ಟೇ ಅಲ್ಲ, ಕೆಡುಕೂ ಆಗುವುದು. ಆಸ್ಟ್ರೇಲಿಯದಲ್ಲಿ ಎಪ್ಪತ್ತು ದಾಟಿದ ೨,೨೫೬ ಹೆಂಗಸರ ಪರೀಕ್ಷೆಯಲ್ಲಿ ವರ್ಷಕ್ಕೊಮ್ಮೆ ೫ ಲಕ್ಷ ಮಾನಗಳ ಒಂದೇ ದೊಡ್ಡ ಪ್ರಮಾಣವನ್ನು ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಬಿದ್ದರು, ಹೆಚ್ಚಾಗಿ ಮೂಳೆ ಮುರಿದುಕೊಂಡರು ಎಂದು ೨೦೧೦ರಲ್ಲಿ ತಿಳಿದುಬಂದಿತು. ೨೦೨೪ರಲ್ಲಿ ಅಂತಃಸ್ರಾವಶಾಸ್ತ್ರದ ಅಮೆರಿಕದ ಸಂಘವು, ಆರೋಗ್ಯವಂತರಾದ ಎಲ್ಲರಿಗೂ ರಕ್ತಪರೀಕ್ಷೆಯು ಬೇಕಿಲ್ಲವೆಂದೂ, ಎಪ್ಪತ್ತೈದು ದಾಟಿದವರಿಗೆ ಪರೀಕ್ಷೆಯಿಲ್ಲದೆಯೇ ಮಿತವಾದ ಪ್ರಮಾಣವನ್ನು ಕೊಡುವುದು ಯುಕ್ತವೆಂದೂ ಸೂಚಿಸಿತು. ಮೂತ್ರಪಿಂಡದ ಕಲ್ಲೋ ಬೇರೆ ರೋಗವೋ ಇದ್ದವರು ವೈದ್ಯರನ್ನು ವಿಚಾರಿಸದೆ ಇದನ್ನು ಸೇವಿಸತಕ್ಕದ್ದಲ್ಲ.

೧೧. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ನಿರ್ಣಯಗಳು ಇವು. ವಂಶಗುಣವು ಪಾತ್ರೆಯ ಬಾಯಿಯ ಅಗಲವನ್ನು ಗೊತ್ತುಮಾಡುವುದು; ಮುಪ್ಪು ಆ ಬಾಯನ್ನು ಇನ್ನಷ್ಟು ಕಿರಿದುಮಾಡುವುದು; ಪಾತ್ರೆಯನ್ನು ಬಯಲಿನಲ್ಲಿಡುವುದೋ ಸೂರಿನಡಿಯಲ್ಲಿಡುವುದೋ ಎಂಬುದು ಬಾಳುವೆಗೆ ಸೇರಿದುದು. ಮೊದಲಿನ ಎರಡು ಮನುಷ್ಯನ ಕೈಯಲ್ಲಿಲ್ಲ, ಮೂರನೆಯದು ಇದೆ. ಆದರೆ ಅದು ವೃದ್ಧರೊಬ್ಬರ ಕೈಯಲ್ಲಿ ಮಾತ್ರ ಇದೆಯೆಂದು ತಿಳಿಯಬಾರದು. ಮಹಡಿಯ ಮೇಲಿನ ತೆರೆದ ಮಾಳಿಗೆಗೆ ಕೈಹಿಡಿಗೆಯುಳ್ಳ ಮೆಟ್ಟಿಲು, ಬೀದಿಯಲ್ಲಿ ಕೂರುವುದಕ್ಕೊಂದು ಕಟ್ಟೆ, ನಡುಹಗಲಿಗೆ ಮುಂಚೆ ನೆರಳು ಗಿಡ್ಡವಾದ ಹೊತ್ತಿನಲ್ಲಿ ತೋಳು ಕಾಲುಗಳಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಜೊತೆಗೆ ಕೂರುವ ಒಬ್ಬರು, ಇವು ಔಷಧದ ಅಂಗಡಿಯಲ್ಲಿ ದೊರೆಯತಕ್ಕವಲ್ಲ. ಬಿರುಬೇಸಗೆಯಲ್ಲಿ ತಲೆಗೆ ಸೆರಗೋ ಕೊಡೆಯೋ ಇರಬೇಕು. ಮೈ ಬಳಲುವಷ್ಟು ಕೂರಬೇಕಾದುದಿಲ್ಲ.

ವಂಶಗುಣವನ್ನು ಕುರಿತು ಇಂದಿರುವ ಜ್ಞಾನದ ಬಹುಭಾಗವು ಯುರೋಪಿನ ಮೂಲದ ಜನರಿಂದ ಬಂದುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ನೇತೃತ್ವದಲ್ಲಿ ನಡೆದ ಹತ್ತು ಸಾವಿರ ಭಾರತೀಯರ ವಂಶವಾಹಿಗಳ ಸಂಗ್ರಹವು ೨೦೨೫ರ ಜನವರಿಯಲ್ಲಿ ವಿದ್ವಾಂಸರ ಬಳಕೆಗೆ ತೆರೆಯಲ್ಪಟ್ಟಿತು. ಅದೇ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸೀಮೆಯಲ್ಲಿ ನಲವತ್ತೈದು ದಾಟಿದ ಹಳ್ಳಿಗರನ್ನೂ, ಬೆಂಗಳೂರಿನಲ್ಲಿ ನಗರವಾಸಿಗಳನ್ನೂ ವರ್ಷಗಳ ಕಾಲ ಅನುಸರಿಸಿ ಮುಪ್ಪನ್ನು ಪರೀಕ್ಷಿಸುವ ಕಾರ್ಯವನ್ನು ಕೈಕೊಂಡಿದೆ. ಕನ್ನಡನಾಡಿನ ವೃದ್ಧರ ವಂಶದ ಪಾಠಾಂತರಗಳನ್ನು ಓದುವುದಕ್ಕೆ ಇವು ಸಾಧನಗಳಾಗಬಲ್ಲವು. ಆದರೆ ಆ ಓದು ಮುಗಿಯುವವರೆಗೆ ಮಾದನಾಯಕನಹಳ್ಳಿಯ ಅಜ್ಜಿಯು ಕಾಯಬೇಕಾದುದಿಲ್ಲ. ಆಕೆಯ ವಂಶವು ಯಾವುದಾದರೂ ಆಗಲಿ, ನಡುಹಗಲಿನ ಸೂರ್ಯನು ಡಿಸೆಂಬರಿನಲ್ಲಿ ಕೂಡ ಆಕೆಯ ನೆರಳನ್ನು ಆಕೆಗಿಂತ ಗಿಡ್ಡವಾಗಿಯೇ ಇಡುವನು.